ನಾಲಿಗೆ ಮೇಷ್ಟ್ರ ಫ್ಲಾಸ್ಕು

ನಾಲಿಗೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಣ್ಣು ಬೆಳೆಗಾರರ ಸಂಘದ ಪ್ಯಾಕಿಂಗ್ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಅವರು ಮಾಡಿಕೊಂಡು ಬಂದ ಕೆಲಸ ಒಂದೇ, ಸೇಬು ತಿನ್ನುವುದು. ಕೇಳಿದವರು ನಗುತ್ತಾರೆ, ಇಂಥ ಕೆಲಸವಿದ್ದರೆ ನಮಗೂ ಒಂದು ಕೊಡಿಸಿ ಸ್ವಾಮಿ ಎನ್ನುತ್ತಾರೆ. ನಗುವವರು ನಗಲಿ. ಸುತ್ತಲಿನ ನಲವತ್ತು ತೋಟಗಳ ಹಣ್ಣನ್ನು ಯಾವ ದಿನ ಕೀಳಬೇಕು ಎಂಬುದು ತೀರ್ಮಾನವಾಗುತ್ತಿದ್ದುದು ಆ ಎಲುಬಿಲ್ಲದ ನಾಲಿಗೆಯ ಮೇಲೆ.

ಸೇಬು ಕೀಳುವ ದಿನವೆಂದರೆ ಹುಡುಗಾಟವಲ್ಲ. ನಾಲ್ಕು ದಿನ ಮುಂಚೆ ಕಿತ್ತರೆ ಹಿಟ್ಟು ತಿಂದ ಹಾಗೆ. ನಾಲ್ಕು ದಿನ ತಡವಾದರೆ ಮರದ ಮೇಲೆ ನೋಡಲು ಚೆಂದ, ಆವತ್ತೇ ತಿಂದರೆ ಬಾಯಿಗೂ ರುಚಿ. ಆದರೆ ಅದೇ ಹಣ್ಣನ್ನು ಕೋಲ್ಡ್ ರೂಮಿನಲ್ಲಿ ನಾಲ್ಕು ತಿಂಗಳಿಟ್ಟು ತೆಗೆದಾಗ ಮೇಲೆ ಥಳಕು, ಒಳಗೆ ಹುಳುಕು. ಹುಳ ಇರುವುದಿಲ್ಲ, ತಿರುಳೇ ಕಂದಾಗಿ ಮೆತ್ತಗಾಗಿರುತ್ತದೆ. ಹಾಗಾಗಿ ಸುಗ್ಗಿ ಹತ್ತಿರ ಬಂದಂತೆ ಪ್ರತಿ ಬೆಳಿಗ್ಗೆ ಹತ್ತು ಗಂಟೆಗೆ ತಗಡಿನ ಮೇಜಿನ ಮೇಲೆ ಒಂದೊಂದು ತೋಟದಿಂದ ಹತ್ತು ಹತ್ತು ಹಣ್ಣು ಸಾಲಾಗಿ ಕೂರುತ್ತಿದ್ದವು. ಮೇಷ್ಟ್ರು ಜೇಬಿನಿಂದ ಚಾಕು ತೆಗೆದು ಒಂದು ಹೋಳು ಕೊಯ್ದು ಬಾಯಿಗಿಡುವರು, ಕಣ್ಣು ಮುಚ್ಚುವರು, ಎರಡು ಸಲ ಅಗಿದು ಪಕ್ಕದ ಬಕೆಟ್ಟಿಗೆ ಉಗಿಯುವರು. ಆಮೇಲೆ ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ ಆ ತೋಟದ ನಂಬರಿನ ಮುಂದೆ ‘ಇವತ್ತು’ ಅಂತಲೋ ‘ಕಾಯಿರಿ’ ಅಂತಲೋ ಬರೆಯುವರು. ಅಲ್ಲಿಗೆ ಮುಗಿಯಿತು. ಹಲಗೆ ಮೇಲೆ ಬರೆದದ್ದನ್ನು ಅಳಿಸುವ ಗಂಡು ಆ ಶೆಡ್ಡಿನಲ್ಲಿ ಹುಟ್ಟಿರಲಿಲ್ಲ.

ಸಕ್ಕರೆ ಅಂಶ ಅಳೆಯುವ ಮೀಟರೊಂದು ಸಂಘದಲ್ಲಿ ಇರಲಿಲ್ಲ ಎಂದಲ್ಲ. ಇತ್ತು. ಮ್ಯಾನೇಜರು ಅದನ್ನು ಮೇಜಿನ ಮೇಲಿನ ಕಾಗದ ಹಾರದಂತೆ ಭಾರಕ್ಕೆ ಇಟ್ಟುಕೊಂಡಿದ್ದರು. ‘ನಾಲಿಗೆ ಒಳ್ಳೇದಾದ್ರೆ ನಾಡೆಲ್ಲ ಒಳ್ಳೇದು ಅಂತಾರಲ್ಲ, ನಮ್ಮ ಮೇಷ್ಟ್ರ ನಾಲಿಗೆ ಇರೋವಾಗ ಈ ಡಬ್ಬಿ ಯಾಕ್ರೀ?’ ಎಂದು ಬಂದವರಿಗೆಲ್ಲ ಹೇಳುವರು. ಮೇಷ್ಟ್ರು ಆ ಮಾತನ್ನು ಕೇಳಿಸಿಕೊಳ್ಳದವರಂತೆ ಕೇಳಿಸಿಕೊಳ್ಳುತ್ತಿದ್ದರು.

ಕಿತ್ತ ಹಣ್ಣು ಹೋಗಿ ಸೇರುತ್ತಿದ್ದುದು ಅವರ ಭಾಮೈದನ ಕೈಗೆ. ಹೆಂಡತಿಯ ಒಬ್ಬನೇ ತಮ್ಮ. ಶೆಡ್ಡಿನ ಹಿಂದಿನ ನಾಲ್ಕು ಕೋಲ್ಡ್ ರೂಮುಗಳ ಉಸ್ತುವಾರಿ ಅವನದು. ಬಿರು ಬೇಸಗೆಯಲ್ಲೂ ಮೈಮೇಲೆ ಅದೇ ಬೂದು ಬಣ್ಣದ ಸ್ವೆಟರ್ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಸ್ವೆಟರ್. ಬಾಯಿ ಬಿಟ್ಟರೆ ತಮಾಷೆ. ಎರಡು ಗಂಟೆಗೊಮ್ಮೆ ಕೋಣೆಗಳ ಉಷ್ಣತೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾ, ‘ಜ್ವರ ಇಲ್ಲ, ನಾಡಿ ಸರಿಯಾಗಿದೆ, ರೋಗಿ ಮಲಗಿದ್ದಾನೆ’ ಎಂದು ಗೊಣಗುವುದು ಅವನ ಪದ್ಧತಿ. ಆರು ವರ್ಷದ ಹಿಂದೆ ಒಮ್ಮೆ ಬಾಗಿಲಿನ ಚಿಲಕ ಸರಿಯಾಗಿ ಹಾಕದೆ ಊಟಕ್ಕೆ ಹೋಗಿ ಒಂದು ಕೋಣೆಯ ಹಣ್ಣು ಮೆತ್ತಗಾಗಿತ್ತು. ಯಾರೂ ನೋಡಿರಲಿಲ್ಲ. ತಾನೇ ಮ್ಯಾನೇಜರ ಮುಂದೆ ಹೋಗಿ ನಿಂತು, ‘ತಪ್ಪು ನಂದು ಸಾರ್’ ಎಂದಿದ್ದ. ಒಪ್ಪಿಕೊಂಡದ್ದೇ ಕೆಟ್ಟದ್ದಾಯಿತು. ತಪ್ಪು ಮುಚ್ಚಿಟ್ಟವರ ತಪ್ಪು ಊರಿಗೆ ನೆನಪಿರುವುದಿಲ್ಲ, ಒಪ್ಪಿಕೊಂಡವನದು ಮಾತ್ರ ನೆನಪಿರುತ್ತದೆ.

ಹಿಂದಿನ ವರ್ಷ ಹೂವಿನ ಕಾಲದಲ್ಲಿ ಮೇಷ್ಟ್ರಿಗೆ ಸೀನು ಹತ್ತಿಕೊಂಡಿತು. ತೋಟಗಳಿಗೆ ಗಾಳಿ ತಡೆಯಲೆಂದು ಬೇಲಿಯುದ್ದಕ್ಕೂ ನೆಟ್ಟಿದ್ದ ಬಿಳಿ ತೊಗಟೆಯ ಬರ್ಚ್ ಮರಗಳು ದೊಡ್ಡವಾಗಿ, ಜೋತುಬಿದ್ದ ಹೂಗೊಂಚಲಿನಿಂದ ಹಳದಿ ಪುಡಿ ಉದುರಿಸಲು ಶುರುಮಾಡಿ ಮೂರು ನಾಲ್ಕು ವರ್ಷವಾಗಿತ್ತು. ಆ ಸಸಿಗಳನ್ನು ನೆಡಬೇಕೆಂದು ಸಭೆಯಲ್ಲಿ ಮೇಜು ಗುದ್ದಿ ಹೇಳಿದವರು ಮೇಷ್ಟ್ರೇ. ಕಣ್ಣು ಕೆಂಪಾಗಿ, ಮೂಗು ಸೋರಿ, ಕರವಸ್ತ್ರ ಒದ್ದೆಯಾಗಿ, ಅದು ನೆಗಡಿಯೆಂದು ಕಷಾಯ ಕುಡಿದರು. ನೆಗಡಿಯಾದರೆ ವಾರಕ್ಕೆ ಹೋಗಬೇಕಿತ್ತು, ತಿಂಗಳಾದರೂ ಹೋಗಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಮನೆಯಲ್ಲಿ ಸೇಬಿನ ಹೋಳೊಂದನ್ನು ಕಚ್ಚಿದರು ನೋಡಿ, ನಾಲಿಗೆ, ಅಂಗುಳು, ಕಿವಿಯೊಳಗೆಲ್ಲ ಇರುವೆ ಹರಿದಂತೆ ತುರಿಕೆ. ಕನ್ನಡಿಯಲ್ಲಿ ನೋಡಿಕೊಂಡರೆ ಮೇಲ್ತುಟಿ ಊದಿ ಬೇರೆ ಯಾರದೋ ತುಟಿಯಾಗಿತ್ತು. ಹೆಂಡತಿ ಬಲವಂತದಿಂದ ಆಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರಮ್ಮ ಮುಂಗೈ ಮೇಲೆ ಸಾಲಾಗಿ ಹನಿ ಹನಿ ಔಷಧಿ ಇಟ್ಟು ಒಂದೊಂದರ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಕಾಲು ಗಂಟೆಯಲ್ಲಿ ಎರಡು ಕಡೆ ಸೊಳ್ಳೆ ಕಚ್ಚಿದಂತೆ ದದ್ದು ಎದ್ದಿತು. ಒಂದು ಬರ್ಚ್ ಮರದ ಹೂಪುಡಿ, ಇನ್ನೊಂದು ಸೇಬು.

‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ ಇದು’ ಎಂದರು ಡಾಕ್ಟರಮ್ಮ. ‘ನಿಮ್ಮ ಮೈಗೆ ಸಿಟ್ಟಿರೋದು ಆ ಮರದ ಹೂಪುಡಿ ಮೇಲೆ. ಸೇಬಿನಲ್ಲೂ ಅದರ ಥರದ್ದೇ ಒಂದು ಪ್ರೋಟೀನ್ ಇದೆ. ಮೈಗೆ ಅವೆರಡರ ವ್ಯತ್ಯಾಸ ತಿಳಿಯಲ್ಲ. ಓ, ಅವನೇ ಬಂದ ಅಂದ್ಕೊಂಡು ಇದರ ಮೇಲೆ ಬೀಳುತ್ತೆ. ಪಾಪ, ಹಣ್ಣಿಂದು ಏನೂ ತಪ್ಪಿಲ್ಲ.’

‘ಹಾಗಾದ್ರೆ ಇನ್ಮೇಲೆ ಸೇಬೇ ಬೇಡ ಅಂತೀರಾ?’ ಮೇಷ್ಟ್ರ ಧ್ವನಿ ಸಣ್ಣಗಾಗಿತ್ತು.

‘ಬೇಯಿಸಿ ತಿನ್ನಿ. ಚೆನ್ನಾಗಿ ಬಿಸಿ ತಾಗಿದ್ರೆ ಆ ಪ್ರೋಟೀನ್ ಕೆಟ್ಟುಹೋಗುತ್ತೆ, ಮೈ ಗುರುತು ಹಿಡಿಯಲ್ಲ. ಹಸೀದು ತಿಂದ್ರೆ ಹೆಚ್ಚಿನವರಿಗೆ ಇಷ್ಟೇ, ತುರಿಕೆ, ಊತ, ಕಣ್ಣಲ್ಲಿ ನೀರು. ಕಾಲು ಗಂಟೆ ಅರ್ಧ ಗಂಟೇಲಿ ಇಳಿಯುತ್ತೆ. ಹೂವಿನ ಕಾಲದಲ್ಲಿ ಜಾಸ್ತಿ, ಆಮೇಲೆ ಕಮ್ಮಿ. ಆದ್ರೆ ಗಂಟಲು ಬಿಗಿದು ಉಸಿರಿಗೆ ಕಷ್ಟ ಆದ್ರೆ ಒಂದು ನಿಮಿಷಾನೂ ಕಾಯಬೇಡಿ, ಓಡಿ ಬನ್ನಿ. ಅಂದ ಹಾಗೆ, ನಿಮ್ಮ ಕೆಲಸ ಏನು?’

‘ಶೆಡ್ಡಲ್ಲಿ’ ಎಂದರು ಮೇಷ್ಟ್ರು. ‘ಮೇಲ್ವಿಚಾರಣೆ.’

ಹೆಂಡತಿ ತಿರುಗಿ ಅವರ ಮುಖ ನೋಡಿದಳು. ನಿಜ ಹೇಳಿದ್ದರೆ ಆ ಡಾಕ್ಟರಮ್ಮ ಏನಾದರೂ ದಾರಿ ತೋರಿಸುತ್ತಿದ್ದರೇನೋ. ಇವರಿಗೆ ಹೇಳಲು ನಾಲಿಗೆಯೇ ಏಳಲಿಲ್ಲ. ಬಸ್ಸಿನಲ್ಲಿ ಬರುವಾಗ ಹೆಂಡತಿಯ ಕಿವಿಯ ಹತ್ತಿರ ಬಾಗಿ, ‘ಯಾರಿಗೂ ಹೇಳಬೇಡ. ನಿನ್ನ ತಮ್ಮನಿಗೂ’ ಎಂದರು. ‘ಸೇಬು ಆಗದ ನಾಲಿಗೆ ಮೇಷ್ಟ್ರು ಅಂದ್ರೆ ಜನ ಬಿದ್ದು ಬಿದ್ದು ನಗ್ತಾರೆ. ರಿಟೈರ್ ಆಗೋಕೆ ಇನ್ನೆರಡೇ ವರ್ಷ ಇದೆ. ಈ ನಾಲಿಗೆ ಬಿಟ್ರೆ ನನ್ನ ಹತ್ರ ಇನ್ನೇನಿದೆ ಹೇಳು?’

ಅವಳು ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಅವಳೆದುರು ಬೇಡಿಕೊಂಡದ್ದು ಅದೇ ಮೊದಲು. ಮನಸ್ಸು ಕರಗಿತು.

ಸುಗ್ಗಿ ಹತ್ತಿರ ಬಂತು. ಮೇಷ್ಟ್ರು ಹೊಸದೊಂದು ಕ್ರಮ ಶುರುಮಾಡಿದರು. ವಯಸ್ಸಾಯಿತು, ಗದ್ದಲದಲ್ಲಿ ರುಚಿ ಹಿಡಿಯುವುದು ಕಷ್ಟ, ಏಕಾಂತ ಬೇಕು ಎಂದು ತೂಕದ ಕೋಣೆಯನ್ನು ಖಾಲಿ ಮಾಡಿಸಿ, ಹಣ್ಣುಗಳನ್ನು ಒಳಗೆ ತರಿಸಿಕೊಂಡು ಬಾಗಿಲು ಹಾಕಿಕೊಂಡರು. ಜೊತೆಗೆ ಹೆಂಡತಿ ತುಂಬಿಸಿಕೊಟ್ಟ ಬಿಸಿನೀರಿನ ಫ್ಲಾಸ್ಕು. ಕೇಳಿದವರಿಗೆ, ಗಂಟಲು ತೊಳೆಯೋಕೆ. ಒಳಗೆ ಕೂತು ಹೋಳುಗಳ ಸಿಪ್ಪೆ ತೆಗೆದು, ಕಾಗದದಷ್ಟು ತೆಳ್ಳಗೆ ಹೆಚ್ಚಿ, ಸ್ಟೀಲ್ ಲೋಟದಲ್ಲಿ ಕುದಿನೀರು ಬಗ್ಗಿಸಿ, ಅದರಲ್ಲಿ ಮುಳುಗಿಸಿ, ಹೋಳು ಬೆಂದು ಬಾಗುವ ತನಕ ಕಾದು ಬಾಯಿಗಿಟ್ಟರು. ತುರಿಕೆ ಇಲ್ಲ, ಊತ ಇಲ್ಲ. ಹೊರಗೆ ನಿಂತ ಜನ ಮುಚ್ಚಿದ ಬಾಗಿಲನ್ನು ನೋಡುತ್ತಾ ಪಿಸುಮಾತಿನಲ್ಲಿ ಮಾತಾಡಿಕೊಂಡರು, ಚಪ್ಪಲಿ ಸದ್ದು ಮಾಡಬೇಡ ಎಂದು ಒಬ್ಬರನ್ನೊಬ್ಬರು ಗದರಿದರು. ಬಾಗಿಲು ಮುಚ್ಚಿದ ಮೇಲೆ ಮೇಷ್ಟ್ರ ಮಾನ ಇನ್ನೊಂದು ಗೇಣು ಏರಿತು.

ಒಂದೇ ತೊಂದರೆ. ಬಿಸಿನೀರು ಹಣ್ಣಿನ ಸಿಹಿಯಲ್ಲಿ ಅರ್ಧವನ್ನು ತಾನೇ ಕುಡಿದುಬಿಡುತ್ತಿತ್ತು. ಹಲ್ಲಿಗೆ ಸಿಗಬೇಕಾದ ಗರಿಗರಿ ಇರಲಿಲ್ಲ, ನಾಲಿಗೆಯ ಅಂಚಿಗೆ ಚುರ್ ಎನ್ನಬೇಕಾದ ಹುಳಿ ಇರಲಿಲ್ಲ. ಎಲ್ಲ ಹಣ್ಣೂ ಸಪ್ಪೆ. ಎಷ್ಟು ಸಿಹಿ ನೀರಿಗೆ ಹೋಗಿರಬಹುದು ಎಂದು ಮೇಷ್ಟ್ರು ಅಂದಾಜಿನ ಮೇಲೆ ಕೂಡಿಕೊಳ್ಳುತ್ತಿದ್ದರು. ಅಂದಾಜು ಮಾಡುವವನಿಗೆ ನಾಲಿಗೆ ಯಾಕೆ ಬೇಕು? ಆ ಪ್ರಶ್ನೆ ಅವರ ತಲೆಗೆ ಬಂದಿತ್ತು, ಬಾಗಿಲಿಗೆ ಚಿಲಕ ಹಾಕಿದಂತೆ ಅದಕ್ಕೂ ಹಾಕಿದರು. ಬೇಗ ಕಿತ್ತರೆ ಮೊದಲ ಸಲ ಕಚ್ಚಿದಾಗಲೇ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಅಂಜಿಕೆಯಿಂದ ಹಲಗೆಯ ಮೇಲೆ ‘ಕಾಯಿರಿ’ ಎಂದು ಬರೆದರು. ಮರುದಿನವೂ ಕಾಯಿರಿ. ಆರು ದಿನ ಕಾಯಿರಿ.

‘ಮೇಷ್ಟ್ರೇ, ಹಣ್ಣು ತಾವಾಗೇ ಉದುರ್ತಾ ಇವೆ’ ಎಂದರು ಕೀಳುವ ಹೆಂಗಸರು.

‘ಗಾಳಿ’ ಎಂದರು ಮೇಷ್ಟ್ರು.

ನಲವತ್ತು ತೋಟದವರಲ್ಲಿ ಹಲಗೆಗೆ ಸೊಪ್ಪು ಹಾಕದವಳು ಒಬ್ಬಳೇ, ಹನ್ನೆರಡನೇ ನಂಬರಿನ ಅಜ್ಜಿ. ‘ನನ್ನ ಮರ, ನನ್ನ ಹಲ್ಲು. ಇರೋದು ಮೂರೇ ಆದ್ರೂ ಅವಕ್ಕೂ ಬುದ್ಧಿ ಇದೆ’ ಎಂದು ಮೊದಲ ದಿನವೇ ಕಿತ್ತು ತಂದು ಸ್ವೆಟರ್ ಕೈಯಲ್ಲಿ ನಾಲ್ಕನೇ ಕೋಣೆಯ ಮೂಲೆಯಲ್ಲಿ ಐದು ಪೆಟ್ಟಿಗೆ ಇಡಿಸಿ ಹೋದಳು. ಮಿಕ್ಕವರ ಹಣ್ಣು ಆರು ದಿನ ಬಿಟ್ಟು ಅದೇ ಕೋಣೆಗೂ ಪಕ್ಕದ ಕೋಣೆಗೂ ತುಂಬಿತು. ಸ್ವೆಟರ್ ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ತಟ್ಟಿ, ಎಲ್ಲರೆದುರೇ, ‘ಭಾವ, ಇವು ನನ್ನ ಹತ್ರ ಬರೋ ಮುಂಚೇನೇ ಪೆನ್ಷನ್ ತಗೊಂಡು ಬಂದಿವೆಯಲ್ಲಾ’ ಎಂದ.

ಜನ ನಕ್ಕರು. ಮೇಷ್ಟ್ರಿಗೆ ನಡುಬೀದಿಯಲ್ಲಿ ಪಂಚೆ ಎಳೆದಂತಾಯಿತು. ‘ನೀನು ಬಾಗಿಲು ಮುಚ್ಚೋ ಕೆಲಸದವನು. ಬಾಯೂ ಮುಚ್ಕೊಂಡಿರು’ ಎಂದರು. ಇಷ್ಟು ವರ್ಷದಲ್ಲಿ ಅವನಿಗೆ ಹಾಗೆ ಅಂದದ್ದಿಲ್ಲ. ಅವನು ಹಣ್ಣನ್ನು ಪೆಟ್ಟಿಗೆಯಲ್ಲಿಟ್ಟು ಕೋಣೆಯ ಬಾಗಿಲು ಹಾಕಲು ಹೋದ.

ನಾಲ್ಕು ತಿಂಗಳು ಕಳೆಯಿತು. ಬರ್ಚ್ ಮರಗಳಲ್ಲಿ ಮತ್ತೆ ಗೊಂಚಲು ಇಳಿಯುವ ಹೊತ್ತಿಗೆ ಮೂರನೇ ಕೋಣೆ, ನಾಲ್ಕನೇ ಕೋಣೆ ತೆರೆದರು. ಮೇಲಿನ ಪೆಟ್ಟಿಗೆಯಿಂದ ಮ್ಯಾನೇಜರು ಒಂದು ಹಣ್ಣು ತೆಗೆದು ಇಬ್ಭಾಗ ಮಾಡಿದರು. ಬೀಜದ ಸುತ್ತ ಕಂದು. ಇನ್ನೊಂದು, ಅದೂ ಕಂದು. ಇಪ್ಪತ್ತು ಪೆಟ್ಟಿಗೆಯಿಂದ ಇಪ್ಪತ್ತು ಹಣ್ಣು ಕೊಯ್ದರು, ನೆಲದ ಮೇಲೆ ಕಂದು ಹೋಳುಗಳ ರಾಶಿ ಬಿದ್ದಿತು. ಒಂದು ವರ್ಷದ ಬೆವರು ಜಾಮ್ ಮಾಡುವವರೂ ಮೂಸದ ಹಾಗೆ ಹೋಗಿತ್ತು.

ಸೇಬು ಹೀಗೆ ಒಳಗಿಂದ ಹೋಗಲು ಎರಡು ಕಾರಣ. ತಡವಾಗಿ ಕಿತ್ತಿರಬೇಕು, ಇಲ್ಲವೇ ಕೋಣೆ ಅತಿಯಾಗಿ ತಣ್ಣಗಾಗಿರಬೇಕು. ಆ ಶೆಡ್ಡಿನಲ್ಲಿ ಕೊಯ್ದು ನೋಡಿ ಇದು ಆ ಕಂದು, ಇದು ಈ ಕಂದು ಎಂದು ಬೇರೆ ಮಾಡಿ ಹೇಳಬಲ್ಲವರು ಯಾರೂ ಇರಲಿಲ್ಲ. ಕಾರಣ ಎರಡಿದ್ದರೂ ಜನರ ಬಾಯಿಗೆ ಬಂದದ್ದು ಒಂದೇ. ‘ಆರು ವರ್ಷದ ಹಿಂದೇನೂ ಇವನೇ ಅಲ್ವಾ?’ ಎಂದು ಯಾರೋ ಅಂದರು. ರಿಜಿಸ್ಟರ್ ತೆಗೆದು ನೋಡಿದರೆ ಉಷ್ಣತೆ ಒಂದು ದಿನವೂ ಏರುಪೇರಾಗಿರಲಿಲ್ಲ. ‘ಬರೆದೋನೂ ಅವನೇ ತಾನೇ?’ ಎಂದು ಇನ್ಯಾರೋ ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಅಲ್ಲೇ ಗುಂಪಿನ ನಡುವೆ ಕೈ ಕಟ್ಟಿಕೊಂಡು ನಿಂತಿತ್ತು, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಾ.

ಆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಮೇಷ್ಟ್ರಿಗೆ ಹೆಂಡತಿ ಬಡಿಸಲಿಲ್ಲ. ತಟ್ಟೆ ಮುಂದಿತ್ತು, ಅವಳು ಎದುರಿಗೆ ಕೂತಿದ್ದಳು.

‘ರೀ, ನಿಜ ಹೇಳಿ. ನೀರಲ್ಲಿ ಬೇಯಿಸಿದ ಹಣ್ಣಲ್ಲಿ ನಿಮಗೆ ರುಚಿ ಗೊತ್ತಾಗ್ತಿತ್ತಾ?’

‘ಇಪ್ಪತ್ತೇಳು ವರ್ಷದ ನಾಲಿಗೆ ಇದು.’

‘ಅದನ್ನಲ್ಲ ನಾನು ಕೇಳಿದ್ದು.’

ಮೇಷ್ಟ್ರು ತಟ್ಟೆ ನೋಡಿದರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ, ‘ಗೊತ್ತಾಗ್ತಿರಲಿಲ್ಲ’ ಎಂದರು.

‘ನಾಳೆ ಸಭೆ ಇದೆಯಂತೆ. ಅವನನ್ನ ತೆಗೀತಾರಂತೆ. ಆ ಫ್ಲಾಸ್ಕ್ ತುಂಬಿಸಿ ಕೊಟ್ಟೋಳು ನಾನು. ನಿಮ್ಮ ಮಾನ ಉಳೀಲಿ ಅಂತ ಸುಮ್ನಿದ್ದೆ. ನನ್ನ ತಮ್ಮನ ಅನ್ನ ಹೋಗ್ಲಿ ಅಂತ ಅಲ್ಲ.’ ಅವಳ ಧ್ವನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ‘ಹೇಳ್ತೀರಾ ಇಲ್ವಾ?’

‘ಹೇಳ್ತೀನಿ.’

‘ನನ್ನ ಮುಖ ನೋಡಿ ಹೇಳಿ.’

‘ಹೇಳ್ತೀನಿ ಅಂದ್ನಲ್ಲ ಮಾರಾಯ್ತಿ.’

ಆಗ ಬಡಿಸಿದಳು.

ಹೇಳಬೇಕೆಂದೇ ಮೇಷ್ಟ್ರು ಸಭೆಗೆ ಹೋದರು. ಇದನ್ನು ಅವರ ಪರವಾಗಿ ಹೇಳಲೇಬೇಕು, ಹೇಳಲು ಬೇರೇನೂ ಇಲ್ಲವಲ್ಲ. ದಾರಿಯಲ್ಲಿ ಎರಡು ಸಲ ಮಾತನ್ನು ಜೋಡಿಸಿಕೊಂಡರು. ‘ನನಗೆ ಸೇಬು ಆಗಲ್ಲ’ ಎಂದು ಶುರುಮಾಡಿದರೆ ಜನ ನಗಬಹುದು, ‘ಈ ಸಲ ನನ್ನ ಅಂದಾಜು ತಪ್ಪಿತು’ ಎಂದರೆ ಸಾಕು. ಶೆಡ್ಡಿನೊಳಗೆ ಬೆಂಚುಗಳ ಮೇಲೆ ತೋಟದವರು ಕಿಕ್ಕಿರಿದಿದ್ದರು. ಮೇಷ್ಟ್ರು ಬಂದದ್ದನ್ನು ನೋಡಿ ಮುಂದಿನ ಬೆಂಚಿನವರು ಎದ್ದು ಜಾಗ ಬಿಟ್ಟರು. ಆ ಜಾಗದಲ್ಲಿ ಅವರು ಕೂತರು. ಕೂತದ್ದೇ ತಪ್ಪಾಯಿತು.

ಸ್ವೆಟರ್ ಎದ್ದು ನಿಂತ. ಅವತ್ತು ತಮಾಷೆ ಇರಲಿಲ್ಲ. ‘ನಾನು ಒಂದು ದಿನವೂ ಕೋಣೆ ಬಿಟ್ಟು ಹೋಗಿಲ್ಲ ಸಾರ್. ನನ್ನ ಮಾತು ನಂಬಬೇಡಿ, ಬಿಡಿ. ನಮ್ಮ ಭಾವನ್ನ ಕೇಳಿ. ಅವರ ನಾಲಿಗೆ ಸುಳ್ಳು ಹೇಳಲ್ಲ. ಕಿತ್ತಾಗ ಹಣ್ಣು ಹೇಗಿತ್ತು ಅಂತ ಅವರೇ ಹೇಳ್ಲಿ’ ಎಂದು ಕೂತ.

ಮ್ಯಾನೇಜರು ತಿರುಗಿದರು. ‘ಏನ್ ಮೇಷ್ಟ್ರೇ? ಒಳಗೆ ಹೋದಾಗ ಹಣ್ಣು ಸರಿಯಾಗಿತ್ತಾ?’

ಎಲ್ಲರ ಕಣ್ಣೂ ಅವರ ಬಾಯಿಯ ಮೇಲೆ. ಪ್ರತಿ ಬೆಳಿಗ್ಗೆ ಹತ್ತು ಗಂಟೆಗೆ ನೋಡುತ್ತಿದ್ದ ಅದೇ ಕಣ್ಣುಗಳು, ಅದೇ ನಂಬಿಕೆ. ಆ ನೋಟ ಇಲ್ಲದೆ ತಾನು ಬದುಕಿರಲಾರೆ ಎಂದು ಮೇಷ್ಟ್ರಿಗೆ ಆ ಕ್ಷಣ ಗೊತ್ತಾಯಿತು.

‘ಸರಿಯಾಗಿತ್ತು’ ಎಂದರು.

ಸ್ವೆಟರ್ ಬೆಚ್ಚಿ ನೋಡಿದ. ಆಮೇಲೆ ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನೆನಪು ಮಾಡಿಕೊಳ್ಳುವವನ ಗಾಬರಿ ಅದು. ಭಾವ ಹೇಳಿದ ಮೇಲೆ ತಪ್ಪು ತನ್ನದೇ ಇರಬೇಕು, ತನಗೆ ಗೊತ್ತಾಗದ ಹಾಗೆ ಎಲ್ಲೋ ಆಗಿರಬೇಕು ಎಂದು ಅವನು ಹುಡುಕತೊಡಗಿದ್ದ. ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಸ್ವೆಟರ್ ಕೋಣೆಗಳ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ರಿಜಿಸ್ಟರಿನಲ್ಲಿ ಆ ಹೊತ್ತಿನ ಉಷ್ಣತೆ ಬರೆದು ಸಹಿ ಹಾಕಿ ಹೊರಗೆ ಹೋದ.

ಮನೆಯಲ್ಲಿ ಹೆಂಡತಿ ಬೆನ್ನು ತಿರುಗಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು.

ನಾಲ್ಕು ದಿನದ ಮೇಲೆ, ಸಂಜೆ ಬಸ್ಸಿಗೆ ಹೊರಟ ಸ್ವೆಟರ್ ಹೇಳಿ ಹೋಗಲು ಬಂದ. ದೂರದ ಬಂದರಿನಲ್ಲಿ ಮೀನು ಇಡುವ ಕೋಲ್ಡ್ ರೂಮಿನಲ್ಲಿ ಕೆಲಸ ಸಿಕ್ಕಿತ್ತಂತೆ. ‘ಸೇಬಿನ ಜೊತೆ ಜಗಳ ಆಯ್ತು, ಇನ್ನು ಮೀನಿನ ಜೊತೆ. ಅವಾದ್ರೂ ಬಾಯಿ ಬಿಡಲ್ಲ’ ಎಂದು ನಗಲು ನೋಡಿದ. ಹಜಾರದ ಕಿಟಕಿ ತೆರೆದಿತ್ತು, ಕಿಟಕಿಯ ಅಂಚಿನ ಮೇಲೆ ತೆಳುವಾಗಿ ಹಳದಿ ಪುಡಿ ಕೂತಿತ್ತು. ಮೇಷ್ಟ್ರು ಆಗಲೇ ಹತ್ತು ಸಲ ಸೀನಿದ್ದರು.

ಅವನು ಚೀಲದಿಂದ ಒಂದು ಸೇಬು ತೆಗೆದ. ‘ಭಾವ, ಇದೊಂದು ನೋಡಿ. ನಿನ್ನೆ ಕೋಣೆ ತೊಳೆಯೋರು ಮೂಲೆಯಲ್ಲಿ ಹನ್ನೆರಡನೇ ನಂಬರಿನ ಅಜ್ಜಿಯ ಪೆಟ್ಟಿಗೆ ಸಿಕ್ತು ಅಂತ ನನಗೊಂದು ತಂದುಕೊಟ್ರು, ಆ ಗಲಾಟೇಲಿ ನಾನೂ ಮರೆತಿದ್ದೆ. ಅದೇ ನಾಲ್ಕನೇ ಕೋಣೆ, ಅದೇ ನಾಲ್ಕು ತಿಂಗಳು. ನಾನು ಒಂದು ಹೋಳು ತಿಂದೆ, ನನಗೇನೋ ಚೆನ್ನಾಗೇ ಇದೆ ಅನ್ನಿಸ್ತು. ಆದ್ರೆ ನನ್ನ ನಾಲಿಗೆ ಯಾವ ಊರಿನ ದೊಡ್ಡದು? ನೀವು ನೋಡಿ ಹೇಳಿ. ಇದು ಚೆನ್ನಾಗಿದ್ರೆ ನನ್ನ ಕೋಣೆ ಸರಿಯಾಗಿತ್ತು ಅಂತ ತಾನೇ? ನೀವು ಒಂದು ಮಾತು ಹೇಳಿದ್ರೆ ಮ್ಯಾನೇಜರ್ ಕೇಳ್ತಾರೆ. ನಾನು ಈ ಬಸ್ಸು ಬಿಟ್ಟುಬಿಡ್ತೀನಿ.’

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳೇ ಚಾಕು ತಂದು ಕೊಟ್ಟಳು.

ಮೇಷ್ಟ್ರು ಹೋಳು ಕೊಯ್ದರು. ತಿರುಳು ಬೆಳ್ಳಗಿತ್ತು. ಬಾಯಿಗಿಟ್ಟು ಕಚ್ಚಿದರು. ವರ್ಷದ ಮೇಲೆ ಹಸಿ ಹಣ್ಣು ಹಲ್ಲಿಗೆ ಸಿಕ್ಕಿ ಗರಕ್ ಎಂದಿತು, ಸಿಹಿ ಬಂತು, ಅದರ ಬೆನ್ನಿಗೇ ಚುರ್ ಎನ್ನುವ ಹುಳಿ. ಇಪ್ಪತ್ತೇಳು ವರ್ಷದಲ್ಲಿ ಅವರು ತಿಂದ ಅತ್ಯಂತ ಒಳ್ಳೆಯ ಹಣ್ಣುಗಳಲ್ಲಿ ಅದೊಂದು. ಮರುಕ್ಷಣವೇ ಅಂಗುಳಿನಲ್ಲಿ ಇರುವೆಗಳು ಎದ್ದವು, ತುಟಿ ಬಿಸಿಯಾಗಿ ದಪ್ಪವಾಯಿತು, ಕಣ್ಣುಗಳ ತುಂಬ ನೀರು. ಚೆನ್ನಾಗಿದೆ ಎಂದರೆ ತಡವಾಗಿ ಕಿತ್ತವರು ಯಾರು ಎಂಬ ಪ್ರಶ್ನೆ ನಾಳೆ ಹತ್ತು ಗಂಟೆಗೇ ಬರುತ್ತದೆ. ಸಭೆಯಲ್ಲಿ ಯಾಕೆ ಸುಳ್ಳು ಹೇಳಿದಿರಿ ಎಂಬುದು ಹತ್ತೂಕಾಲಿಗೆ.

‘ಒಳಗೆ ಶುರುವಾಗಿದೆ’ ಎಂದರು ಮೇಷ್ಟ್ರು. ‘ನಿನಗೆ ಗೊತ್ತಾಗಲ್ಲ.’

ಸ್ವೆಟರ್ ತಲೆಯಾಡಿಸಿದ. ಒಂದಷ್ಟು ಹೊತ್ತು ತಲೆಯಾಡಿಸುತ್ತಲೇ ಇದ್ದ. ಆಮೇಲೆ ತಲೆಯೆತ್ತಿ ಅವರ ಮುಖ ನೋಡಿ ಗಾಬರಿಯಾದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿ ಊದಿ ಅದುರುತ್ತಿತ್ತು, ಮೂಗು ಕೆಂಪಾಗಿತ್ತು.

‘ಅಯ್ಯೋ, ಭಾವ! ನೀವ್ಯಾಕೆ ಅಳ್ತೀರಿ?’ ಅವನ ಧ್ವನಿಯೂ ಒಡೆಯಿತು. ಎದ್ದು ಬಂದು ಅವರ ಕೈ ಹಿಡಿದುಕೊಂಡ. ‘ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಿ, ಅದರಲ್ಲಿ ನಿಮ್ಮ ತಪ್ಪೇನಿದೆ? ನನಗಾಗಿ ನೀವು ಕಣ್ಣೀರು ಹಾಕೋದಾ? ಸಾಕು ಭಾವ, ನನಗಿಷ್ಟು ಸಾಕು.’

‘ಅವರು ಅಳ್ತಿಲ್ಲ ಕಣೋ’ ಎಂದಳು ಅಕ್ಕ.

‘ಸುಮ್ನಿರಕ್ಕ.’

‘ಅಳ್ತಿಲ್ಲ ಅಂದ್ನಲ್ಲ. ಅವರಿಗೆ ಸೇಬು ಆಗಲ್ಲ. ಹಸಿ ಸೇಬು ತಿಂದ್ರೆ ಹೀಗೇ ಆಗೋದು. ಹಿಂದಿನ ವರ್ಷ ಎಲ್ಲ ಹಣ್ಣನ್ನೂ ಬಿಸಿನೀರಲ್ಲಿ ಬೇಯಿಸಿ ರುಚಿ ನೋಡಿದ್ದಾರೆ. ಫ್ಲಾಸ್ಕ್ ತುಂಬಿಸಿ ಕೊಡ್ತಿದ್ದೋಳು ನಾನು. ನಿನ್ನ ಕೋಣೆ ಸರಿಯಾಗಿತ್ತು ಕಣೋ. ಹಣ್ಣು ಕಿತ್ತಿದ್ದೇ ತಡ.’

ಸ್ವೆಟರ್ ಅಕ್ಕನನ್ನೂ ಭಾವನನ್ನೂ ನೋಡಿದ. ಮೇಷ್ಟ್ರು ಹೌದು ಎಂದು ತಲೆಯಾಡಿಸಿದರೆ ಮುಗಿಯುತ್ತಿತ್ತು, ಮಾತು ಕೂಡ ಬೇಕಿರಲಿಲ್ಲ. ತಲೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಸ್ವೆಟರ್ ಕಣ್ಣೀರಿನ ನಡುವೆಯೇ ನಗತೊಡಗಿದ.

‘ನಾಲಿಗೆ ಮೇಷ್ಟ್ರಿಗೆ ಸೇಬು ಆಗಲ್ವಂತೆ! ಅಕ್ಕ, ನನ್ನ ಸಮಾಧಾನಕ್ಕೆ ಅಂತ ಎಂಥಾ ಕತೆ ಕಟ್ತೀಯೇ. ತಮ್ಮನ್ನ ಉಳಿಸೋಕೆ ಗಂಡನ ಮರ್ಯಾದೆ ತೆಗೀಬೇಡ. ಯಾರ ಮುಂದೇನೂ ಹೀಗೆ ಹೇಳಬೇಡ, ನನ್ನಾಣೆ.’

ಅವಳು ಮತ್ತೆ ಬಾಯಿ ತೆರೆದಳು. ಅವನು ಅವಳ ಕಾಲು ಮುಟ್ಟಿ, ಚೀಲ ಹೆಗಲಿಗೇರಿಸಿ, ಭಾವನ ಭುಜ ಒಮ್ಮೆ ಒತ್ತಿ ಮೆಟ್ಟಿಲಿಳಿದ. ಬಸ್ ನಿಲ್ದಾಣದಲ್ಲಿ ಸಿಕ್ಕಿದ ಶೆಡ್ಡಿನವರಿಗೆಲ್ಲ, ‘ನಮ್ಮ ಭಾವ ನನಗಾಗಿ ಮಗು ಥರ ಅತ್ತುಬಿಟ್ರು’ ಎಂದು ಹೇಳಿಯೇ ಬಸ್ಸು ಹತ್ತಿದನಂತೆ. ಊರಿನಲ್ಲಿ ಮೇಷ್ಟ್ರ ಮಾನ ಮತ್ತೊಂದು ಗೇಣು ಏರಿತು.

ಹೆಂಡತಿ ಮೇಜಿನ ಮೇಲೆ ಉಳಿದ ಸೇಬನ್ನು ತೆಗೆದುಕೊಂಡು ನಿಂತಲ್ಲೇ ನಿಧಾನವಾಗಿ ಪೂರ್ತಿ ತಿಂದಳು. ಬೀಜ ಕೂಡ ಬಿಡಲಿಲ್ಲ. ‘ಚೆನ್ನಾಗಿತ್ತು ಹಣ್ಣು’ ಎಂದು ಒಳಗೆ ಹೋದಳು. ಆಮೇಲೆ ಆ ಮನೆಯಲ್ಲಿ ಅನ್ನ ಹೊತ್ತಿಗೆ ಸರಿಯಾಗಿ ಬೇಯುತ್ತಿತ್ತು, ಬಟ್ಟೆ ಮಡಿಕೆಯಾಗುತ್ತಿತ್ತು, ದೀಪ ಉರಿಯುತ್ತಿತ್ತು. ಮಾತು ಮಾತ್ರ ಅವತ್ತಿನ ಬಸ್ಸು ಹತ್ತಿ ಹೋಗಿತ್ತು.

ಮತ್ತೆ ಸುಗ್ಗಿ ಬಂತು. ಮೊದಲ ದಿನ ಬೆಳಿಗ್ಗೆ ಮೇಷ್ಟ್ರು ಶರಟು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಫ್ಲಾಸ್ಕು ಮೇಲಿನ ಶೆಲ್ಫಿನಲ್ಲಿ ಮಗುಚಿ ಇಟ್ಟಿತ್ತು.

‘ಬಿಸಿನೀರು?’ ಎಂದರು.

‘ನಾನು ಇನ್ನೊಬ್ಬ ತಮ್ಮನ್ನ ಎಲ್ಲಿಂದ ತರಲಿ?’ ಎಂದಳು ಹೆಂಡತಿ. ತಿರುಗಿ ನೋಡಲೂ ಇಲ್ಲ.

ಅವರು ಬರಿಗೈಯಲ್ಲಿ ಹೋದರು. ಫ್ಲಾಸ್ಕು ಇಲ್ಲದ ಮೇಲೆ ತೂಕದ ಕೋಣೆಗೆ ಹೋಗಿ ಪ್ರಯೋಜನವಿರಲಿಲ್ಲ. ತಗಡಿನ ಮೇಜಿನ ಮುಂದೆ, ಎಲ್ಲರ ಎದುರು ಕೂತು ಚಾಕು ತೆಗೆದರು. ಗಂಟಲು ಬಿಗಿದು ಇಲ್ಲೇ ಬಿದ್ದರೆ ಬೀಳಲಿ, ಎಲ್ಲ ಒಂದೇ ಸಲ ಹೊರಗೆ ಬರಲಿ ಎಂದೂ ಒಂದು ಮನಸ್ಸು ಬೇಡಿಕೊಂಡಿತು. ಹಸಿ ಹೋಳನ್ನು ಬಾಯಿಗಿಟ್ಟು ಅಗಿದು ಬಕೆಟ್ಟಿಗೆ ಉಗಿದರು. ರುಚಿ ಸ್ಪಷ್ಟವಾಗಿತ್ತು. ಹಲಗೆಯ ಮೇಲೆ ‘ಇವತ್ತು’ ಎಂದು ಬರೆದರು. ಮುಂದಿನ ತೋಟ, ಅದರ ಮುಂದಿನದು. ಅಂಗುಳು ತುರಿಸಿತು, ತುಟಿ ಸ್ವಲ್ಪ ದಪ್ಪಗಾಯಿತು, ಕಣ್ಣಿಂದ ನೀರು ಇಳಿಯಿತು.

‘ಪಾಪ’ ಎಂದರು ಮ್ಯಾನೇಜರು ಪಕ್ಕದವರ ಕಿವಿಯಲ್ಲಿ, ಮೇಷ್ಟ್ರಿಗೂ ಕೇಳುವಷ್ಟು ಮೆಲ್ಲಗೆ. ‘ಸೇಬು ಕಂಡ್ರೆ ಭಾಮೈದನ ನೆನಪಾಗುತ್ತೆ ಅಂತ ಕಾಣುತ್ತೆ. ಅವನು ಅಷ್ಟು ಮಾಡಿದ್ರೂ ಇವರ ಕರುಳು ನೋಡಿ.’

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಬೆಂಚಿನ ಮೇಲೆ ಕೂತು ಗಂಟಲು ಬಿಗಿಯುವುದನ್ನು ಕಾದರು. ಬಿಗಿಯಲಿಲ್ಲ. ಎದುರಿನ ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ಕಳೆಯಿತು. ತುರಿಕೆ ತಾನಾಗಿಯೇ ಇಳಿಯಿತು, ತುಟಿ ಮೊದಲಿನಂತಾಯಿತು. ಡಾಕ್ಟರಮ್ಮ ಹೇಳಿದಷ್ಟೇ ಇತ್ತು ಅದು.